ಮಣೆಯ ಮೇಲೆ ಕೂರಿಸುವವಳು

ಪ್ರಶ್ನೆ: ಪಶ್ಚಿಮ ಆಫ್ರಿಕಾದ ಘಾನಾ ದೇಶದ ಅಸಾಂತೆ ಜನರಲ್ಲಿ ನಮ್ಮ ಅಳಿಯಸಂತಾನದಂತೆ ತಾಯಿಯ ಕಡೆಯಿಂದ ಹಕ್ಕು ಹರಿದು ಬರುತ್ತದೆ, ಅಲ್ಲಿ ಪ್ರತಿ ಅರಸನ ಜೊತೆಗೆ ಒಬ್ಬ ‘ರಾಜಮಾತೆ’ ಇರುತ್ತಾಳೆ ಎಂದು ಓದಿದೆ. ಬ್ರಿಟಿಷರ ವಿರುದ್ಧ ಯುದ್ಧಕ್ಕೆ ನಿಂತ ಯಾ ಅಸಾಂತೆವಾ ಅಂಥವಳೇ ಅಂತೆ. ಇಷ್ಟು ಗಟ್ಟಿ ಪರಂಪರೆ ಇರುವ ದೇಶದ ಸಂಸತ್ತಿನಲ್ಲಿ 2020ರ ಚುನಾವಣೆಯ ನಂತರವೂ 275 ಸ್ಥಾನಗಳಿಗೆ ಹೆಂಗಸರು 40 ಮಂದಿ ಮಾತ್ರ ಏಕೆ? ಅಲ್ಲಿನ ಮೊದಲ ತಲೆಮಾರಿನ ರಾಜಕಾರಣಿ ಹೆಂಗಸರು ಈ ರಾಜಮನೆತನಗಳಿಂದಲೇ ಬಂದವರೇ? (ಉಡುಪಿಯ ಓದುಗರೊಬ್ಬರು)

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸಿಬಿಡುತ್ತೇನೆ. ಬಹುಮಟ್ಟಿಗೆ ಅಲ್ಲ. ಘಾನಾದ ಮೊದಲ ರಾಜಕಾರಣಿ ಹೆಂಗಸರಲ್ಲಿ ಅರಮನೆಯವರಿಗಿಂತ ಹೊಲಿಗೆ ಯಂತ್ರದ ಮುಂದಿನಿಂದ, ಪತ್ರಿಕಾ ಕಚೇರಿಯಿಂದ, ಶಾಲೆಯಿಂದ, ಸಂತೆಯಿಂದ ಎದ್ದು ಬಂದವರೇ ಹೆಚ್ಚು. ಮೊದಲನೆಯ ಪ್ರಶ್ನೆ ಇಷ್ಟು ಸಲೀಸಲ್ಲ. ರಾಜಮಾತೆಯ ಅಧಿಕಾರ, ಸಂಸದೆಯ ಅಧಿಕಾರ ಎರಡೂ ಒಂದೇ ಬಗೆಯವು, ಒಂದು ಇದ್ದ ಕಡೆ ಇನ್ನೊಂದು ತಾನಾಗಿ ಹುಟ್ಟಬೇಕು ಎಂಬ ಊಹೆ ಅದರೊಳಗಿದೆ. ನಾನು ಅದನ್ನು ಒಪ್ಪುವುದಿಲ್ಲ. ಸಂಸತ್ತಿನ ಅಧಿಕಾರ ಅಲ್ಲಿ ಕೂರುವವರದು. ಅಸಾಂತೆ ರಾಜಮಾತೆಗೆ ತನ್ನದೇ ಪೀಠವಿದ್ದರೂ ಅವಳ ಅಧಿಕಾರದ ತಿರುಳು ಇದ್ದದ್ದು ಕೂರುವುದರಲ್ಲಲ್ಲ, ಕೂರಿಸುವುದರಲ್ಲಿ.

‘ರಾಜಮಾತೆ’ ಎಂಬ ಪದವೇ ದಾರಿ ತಪ್ಪಿಸುತ್ತದೆ. ಅದು ಇಂಗ್ಲಿಷರು ಇಟ್ಟ ಹೆಸರಿನ ಅನುವಾದ. ಅಸಾಂತೆ ಜನ ಆಡುವ ಟ್ವಿ ಭಾಷೆಯಲ್ಲಿ ಅರಸನಿಗೆ ‘ಒಹೆನೆ’ ಎನ್ನುತ್ತಾರೆ. ‘ಒಹೆಮಾ’ ಅದರ ಸ್ತ್ರೀರೂಪ, ಅಷ್ಟೇ. ಆಕೆ ಅರಸನ ಹೆಂಡತಿ ಅಲ್ಲವೇ ಅಲ್ಲ. ತಾಯಿಯೇ ಆಗಿರಬೇಕೆಂದೂ ಇಲ್ಲ. ಅಕ್ಕ, ತಂಗಿ, ಚಿಕ್ಕಮ್ಮ, ತಾಯಿಯ ಕಡೆಯ ಬೇರೆ ಯಾರಾದರೂ ಆಗಬಹುದು. ಹೆಂಡತಿ ಬೇರೆ ಕುಲದವಳು, ಆದ್ದರಿಂದ ಅವಳು ಹೆತ್ತ ಮಗನೂ ಬೇರೆ ಕುಲದವನು. ಅರಸನ ಸ್ವಂತ ಮಗ ಪಟ್ಟಕ್ಕೆ ಬರುವಂತಿಲ್ಲ. ತುಳುನಾಡಿನವರಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ನಿಮ್ಮಲ್ಲಿ ‘ಬಳಿ’ ತಾಯಿಯಿಂದ ಬರುವಂತೆ ಅಲ್ಲಿ ‘ಅಬುಸುವಾ’ ತಾಯಿಯಿಂದ ಬರುತ್ತದೆ.

ಆದರೆ ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯಬೇಡಿ. ಅಳಿಯಸಂತಾನದ ಕುಟುಂಬದಲ್ಲಿ ಹಕ್ಕು ಹೆಣ್ಣಿನ ಮೂಲಕ ಹರಿದರೂ ಯಜಮಾನಿಕೆ ಸಾಮಾನ್ಯವಾಗಿ ಸೋದರಮಾವನ ಕೈಯಲ್ಲಿ ಉಳಿಯುತ್ತಿತ್ತು. ಅಸಾಂತೆಯಲ್ಲಿ ಹೆಣ್ಣು ಬರೀ ಹರಿಯುವ ಕಾಲುವೆಯಾಗಿರಲಿಲ್ಲ. ಅವಳಿಗೆ ಹುದ್ದೆಯೇ ಇತ್ತು. ಹಳ್ಳಿ, ಪಟ್ಟಣ, ಸೀಮೆ, ಕೊನೆಗೆ ಕುಮಾಸಿ ರಾಜಧಾನಿ, ಹೀಗೆ ಪ್ರತಿ ಮಟ್ಟದಲ್ಲೂ ಒಬ್ಬ ಒಹೆನೆಗೆ ಒಬ್ಬ ಒಹೆಮಾ. ಎಲ್ಲರ ಮೇಲೆ ಅಸಾಂತೆಹೆನೆ ಮತ್ತು ಅಸಾಂತೆಹೆಮಾ.

ಇವರು ಕೂರುವ ಪೀಠವನ್ನು ಇಂಗ್ಲಿಷರು ‘ಸ್ಟೂಲ್’ ಎಂದು ಕರೆದು ಅಡುಗೆಮನೆಯ ಸಾಮಾನಿನಂತೆ ಮಾಡಿಬಿಟ್ಟರು. ಕನ್ನಡದಲ್ಲಿ ನಮಗೆ ಆ ಕಷ್ಟವಿಲ್ಲ, ‘ಮಣೆ’ ಇದೆ. ಹಸೆಮಣೆ ಏರುವುದು ಎಂದರೆ ಏನೆಂದು ನಮಗೆ ಗೊತ್ತು. ಒಂದೇ ಮರದ ತುಂಡಿನಲ್ಲಿ ಕೆತ್ತಿದ, ಮೇಲ್ಭಾಗ ಅರ್ಧಚಂದ್ರದಂತೆ ಬಾಗಿದ ಈ ಮಣೆಯಲ್ಲಿ ಕೂರುವವರ ಪ್ರಾಣದ ಅಂಶ ನೆಲೆಸುತ್ತದೆ ಎಂಬ ನಂಬಿಕೆ. ಅರಸ ಸತ್ತರೆ ‘ಮಣೆ ಖಾಲಿಯಾಯಿತು’. ಅವನು ಒಳ್ಳೆಯವನಾಗಿ ಬಾಳಿದ್ದರೆ ಅವನ ಮಣೆಗೆ ಕಪ್ಪು ಬಳಿದು ಹಿರಿಯರ ಮಣೆಗಳ ಸಾಲಿನಲ್ಲಿ ಇಡುತ್ತಾರೆ. ಕೆಟ್ಟವನಾದರೆ ಮಣೆಯಿಂದ ಇಳಿಸುತ್ತಾರೆ. ಹಾಗೆ ಇಳಿಸುವ ಸಂಪ್ರದಾಯದಲ್ಲಿ ಒಂದು ಕ್ರಮ, ಅವನ ಚಪ್ಪಲಿ ಕಳಚಿ ಬರಿಗಾಲು ನೆಲಕ್ಕೆ ತಾಗಿಸುವುದು. ಈ ಚಪ್ಪಲಿಯನ್ನು ನೆನಪಿಡಿ, ಮುಂದೆ ಬರುತ್ತದೆ.

ಮಣೆ ಖಾಲಿಯಾದಾಗ ಒಹೆಮಾಳ ಗಳಿಗೆ ಬರುತ್ತದೆ. ಪಟ್ಟ ಕಟ್ಟುವ ಮುಖಂಡರು ಅವಳ ಬಳಿಗೆ ಬಂದು, ನಮಗೊಬ್ಬ ಅರಸನನ್ನು ಕೊಡು ಎಂದು ಕೇಳಬೇಕು. ಅವಳು ಮನೆತನದ ಹಿರಿಯರೊಡನೆ ಸಮಾಲೋಚಿಸಿ ಒಂದು ಹೆಸರು ಹೇಳುತ್ತಾಳೆ. ಮುಖಂಡರು ಒಪ್ಪದಿದ್ದರೆ ಇನ್ನೊಂದು, ಅದೂ ಆಗದಿದ್ದರೆ ಮತ್ತೊಂದು, ಮೂರು ಅವಕಾಶ. ಯಾರ ತಾಯಿ ಯಾರು, ಯಾವ ಕವಲು ನಿಜವಾಗಿ ರಾಜರಕ್ತದ್ದು, ಯಾವುದು ಹಿಂದೆಂದೋ ಸೇರಿಕೊಂಡದ್ದು ಎಂಬ ವಂಶಾವಳಿ ಅವಳ ನೆನಪಿನಲ್ಲಿ ಇರುತ್ತದೆ. ಅವಳು ‘ಇವನು ನಮ್ಮವನಲ್ಲ’ ಎಂದರೆ ಆ ಯುವಕನ ಆಸೆ ಅಲ್ಲಿಗೆ ಮುಗಿಯಿತು.

ಇದು ಹಳೆಯ ಕತೆ ಎಂದುಕೊಳ್ಳಬೇಡಿ. 1999ರಲ್ಲಿ ಅಸಾಂತೆಹೆನೆ ಎರಡನೆಯ ಒಪೋಕು ವಾರೆ ತೀರಿಕೊಂಡಾಗ ಅಸಾಂತೆಹೆಮಾ ಆಗಿದ್ದವರು ಎರಡನೆಯ ಅಫಿಯಾ ಕೋಬಿ ಸೆರ್ವಾ ಆಂಪೆಮ್. ಅವರು ಹೇಳಿದ ಹೆಸರು ಅವರ ಸ್ವಂತ ಕಿರಿಯ ಮಗನದು. ಆತ ಆ ಏಪ್ರಿಲ್‌ನಲ್ಲಿ ಎರಡನೆಯ ಓಸೆ ಟುಟು ಎಂಬ ಹೆಸರಿನಿಂದ ಪಟ್ಟಕ್ಕೆ ಬಂದರು, ಇಂದಿಗೂ ಅವರೇ ಅಸಾಂತೆಹೆನೆ. ನೂರು ವರ್ಷ ದಾಟಿದ ಆ ತಾಯಿ 2016ರ ನವೆಂಬರ್‌ನಲ್ಲಿ ತೀರಿಕೊಂಡಾಗ ಸರದಿ ತಿರುಗಿತು. ಅಸಾಂತೆಹೆಮಾಳನ್ನು ಹೆಸರಿಸುವುದು ಅಸಾಂತೆಹೆನೆಯ ಕೆಲಸ. ಮಗ ತನ್ನ ಅಕ್ಕನನ್ನು ಹೆಸರಿಸಿದರು. ಅವಳು ಅವನನ್ನು ಕೂರಿಸುತ್ತಾಳೆ, ಅವನು ಅವಳನ್ನು. ಕುಟುಂಬ ರಾಜಕಾರಣ ಎಂದು ಮೂಗು ಮುರಿಯಬಹುದು. ಆದರೆ ಇಲ್ಲಿ ಕುಟುಂಬ ಮುಚ್ಚುಮರೆಯಿಲ್ಲದೆ ಸಂವಿಧಾನವೇ ಆಗಿದೆ, ಮುಖಂಡರ ಒಪ್ಪಿಗೆ ಎಂಬ ಬೇಲಿಯೂ ಇದೆ.

ಕೂರಿಸಿದವಳಿಗೆ ಬೈಯುವ ಹಕ್ಕೂ ಉಂಟು. ತುಂಬಿದ ಸಭೆಯಲ್ಲಿ ಅರಸನನ್ನು ಮುಖಕ್ಕೆ ಮುಖ ಕೊಟ್ಟು ಗದರಿಸಬಲ್ಲವಳು ಅವಳೊಬ್ಬಳೇ. ಅವಳಿಗೆ ತನ್ನದೇ ನ್ಯಾಯಸಭೆ, ತನ್ನದೇ ವಕ್ತಾರರು. ಗಂಡಹೆಂಡಿರ ವ್ಯಾಜ್ಯ, ಹೆಂಗಸರ ದೂರು, ಬೈಗುಳದ ಮೊಕದ್ದಮೆ ಅಲ್ಲಿಗೆ ಬರುತ್ತಿದ್ದವು. ಮರಣದಂಡನೆಗೆ ಗುರಿಯಾದವನು ಅವಳ ಆಸರೆಗೆ ಓಡಿ ಬಂದರೆ ಅವಳು ಅರಸನ ಬಳಿ ಅವನಿಗಾಗಿ ಬೇಡಿಕೊಳ್ಳಬಹುದಿತ್ತು. ಅಸಾಂತೆಯರು ಸೇರಿರುವ ಆಕಾನ್ ಜನಸಮುದಾಯದಲ್ಲಿ ಇನ್ನೊಂದು ರೂಢಿ ನನಗೆ ಬಹಳ ಇಷ್ಟ: ಪಂಚಾಯಿತಿಯಲ್ಲಿ ಹಿರಿಯರಿಗೆ ತೀರ್ಪು ಹೊಳೆಯದಿದ್ದರೆ ಅವರು ಎದ್ದು ಪಕ್ಕಕ್ಕೆ ಹೋಗಿ ಮಾತಾಡಿಕೊಂಡು ಬರುತ್ತಾರೆ, ಹಾಗೆ ಹೋಗುವುದಕ್ಕೆ ‘ಮುದುಕಿಯನ್ನು ಕೇಳಿ ಬರುತ್ತೇವೆ’ ಎನ್ನುತ್ತಾರೆ. ಅಲ್ಲಿ ಮುದುಕಿ ಇರಲಿ, ಇಲ್ಲದಿರಲಿ.

ಈ ಚಿತ್ರಕ್ಕೆ ಇನ್ನೊಂದು ಮಗ್ಗುಲಿದೆ. ಮುಟ್ಟಾಗುವ ಹೆಣ್ಣು ಕಪ್ಪು ಮಣೆಗಳ ಹತ್ತಿರ ಸುಳಿಯಬಾರದು, ಸೈನ್ಯದ ಜೊತೆ ಹೋಗಬಾರದು ಎಂಬ ನಿಷೇಧ ಬಿಗಿಯಾಗಿತ್ತು. ಒಹೆಮಾ ಯುದ್ಧರಂಗಕ್ಕೆ ಹೋಗುವುದಿದ್ದರೆ ಅದು ಮುಟ್ಟು ನಿಂತ ಮೇಲೆ ಮಾತ್ರ. 1900ರಲ್ಲಿ ಯಾ ಅಸಾಂತೆವಾ ಸುಮಾರು ಅರವತ್ತರ ಹೆಂಗಸು ಎಂಬುದು ಆಕಸ್ಮಿಕವಲ್ಲ.

ಅವಳ ಕತೆಗೆ ಮೊದಲು ಕುಮಾಸಿಯ ಇನ್ನಿಬ್ಬರು ಹೆಂಗಸರನ್ನು ನೋಡಲೇಬೇಕು, ತಾಯಿ ಮತ್ತು ಮಗಳು. ಅಫುವಾ ಕೋಬಿ 19ನೆಯ ಶತಮಾನದ ನಡುವಿನ ಅಸಾಂತೆಹೆಮಾ. 1873ರಲ್ಲಿ ಕರಾವಳಿಯ ಬ್ರಿಟಿಷರ ಮೇಲೆ ದಂಡೆತ್ತಿ ಹೋಗುವ ಹುಮ್ಮಸ್ಸಿನಲ್ಲಿ ಮುಖಂಡರಿದ್ದಾಗ ಶಾಂತಿಯ ಪರ ಮಾತಾಡಿದವಳು. ಯಾರೂ ಕೇಳಲಿಲ್ಲ, 1874ರಲ್ಲಿ ಬ್ರಿಟಿಷ್ ಸೇನೆ ಬಂದು ಕುಮಾಸಿಯನ್ನು ಸುಟ್ಟಿತು, ಒಪ್ಪಂದದಲ್ಲಿ 50,000 ಔನ್ಸ್ ಚಿನ್ನದ ದಂಡ ಹೇರಿತು. ಅವಳ ಮಗ ಕೋಫಿ ಕರಿಕರಿ ಹಿರಿಯರ ಸಮಾಧಿಯ ಚಿನ್ನಕ್ಕೆ ಕೈ ಹಾಕಿದ ಅಪವಾದದಲ್ಲಿ ಅದೇ ವರ್ಷ ಮಣೆಯಿಂದ ಇಳಿದ. ಇನ್ನೊಬ್ಬ ಮಗ ಮೆನ್ಸಾ ಬೊನ್ಸುವನ್ನು 1883ರಲ್ಲಿ ಇಳಿಸಲಾಯಿತು. ಆಮೇಲೆ ಐದು ವರ್ಷ ಅಂತಃಕಲಹ. ಆ ಕಲಹದಲ್ಲಿ ಗೆದ್ದವಳು ಮಗಳು ಯಾ ಅಚಿಯಾ. ಸೀಮೆಸೀಮೆಯ ಮುಖಂಡರನ್ನು ಒಲಿಸಿ, ಎದುರಾಳಿಗಳನ್ನು ಮಣಿಸಿ, 1888ರಲ್ಲಿ ತನ್ನ ಎಳೆಯ ಮಗ ಪ್ರೆಂಪೆಯನ್ನು ಅವಳು ಪಟ್ಟಕ್ಕೆ ತಂದಳು. ಯಾ ಅಚಿಯಾಳ ಹೆಸರು ಯಾವ ಶಾಲೆಯ ಗೋಡೆಯ ಮೇಲೂ ರಾರಾಜಿಸುವುದಿಲ್ಲ. ಹಟಮಾರಿ, ಕಠೋರಿ ಎಂಬ ಮಾತೇ ಹೆಚ್ಚು. ರಾಜಕಾರಣ ಬಲ್ಲ ಹೆಂಗಸು ಯಾರೆಂದು ನನ್ನನ್ನು ಕೇಳಿದರೆ ಯಾ ಅಸಾಂತೆವಾಳಿಗಿಂತ ಮೊದಲು ನಾನು ಹೇಳುವ ಹೆಸರು ಅವಳದು.

1896ರ ಜನವರಿಯಲ್ಲಿ ಬ್ರಿಟಿಷರು ಮತ್ತೆ ಬಂದರು. ಪ್ರೆಂಪೆ ಹೋರಾಡಲಿಲ್ಲ. ಕುಮಾಸಿಯ ಬಯಲಿನಲ್ಲಿ, ಬಿಸ್ಕತ್ತು ಡಬ್ಬಗಳನ್ನು ಪೇರಿಸಿ ಮಾಡಿದ ವೇದಿಕೆಯ ಮೇಲೆ ಗವರ್ನರ್ ಮ್ಯಾಕ್ಸ್‌ವೆಲ್ ಮತ್ತು ಇಬ್ಬರು ಅಧಿಕಾರಿಗಳು ಕುಳಿತಿದ್ದರು. ಅರಸ ತನ್ನ ಕಿರೀಟಪಟ್ಟಿ ಮತ್ತು ಚಪ್ಪಲಿ ಕಳಚಿ, ತಾಯಿಯ ಜೊತೆ ಮುಂದೆ ಬಂದು, ಮಂಡಿಯೂರಿ ಅವರ ಕಾಲುಗಳನ್ನು ತಬ್ಬಿಕೊಳ್ಳಬೇಕಾಯಿತು. ನೆರೆದಿದ್ದ ಅಸಾಂತೆ ಜನಕ್ಕೆ ಆ ಬರಿಗಾಲಿನ ಅರ್ಥ ಗೊತ್ತಿತ್ತು. ಹಿಂದಿನ ದಂಡದ ಚಿನ್ನ ಕೊಟ್ಟಿಲ್ಲವೆಂಬ ನೆಪದಲ್ಲಿ ತಾಯಿ, ಮಗ ಮತ್ತು ಹಲವು ಮುಖಂಡರನ್ನು ಸೆರೆಹಿಡಿದು ಮೊದಲು ಎಲ್ಮಿನಾ ಕೋಟೆಗೆ, ಅಲ್ಲಿಂದ ಸಿಯೆರಾ ಲಿಯೋನ್‌ಗೆ, 1900ರಲ್ಲಿ ನಮ್ಮದೇ ಹಿಂದೂ ಮಹಾಸಾಗರದ ಸೇಶೆಲ್ಸ್ ದ್ವೀಪಕ್ಕೆ ಸಾಗಿಸಿದರು. ಯಾ ಅಚಿಯಾ 1917ರಲ್ಲಿ ಅಲ್ಲೇ ಸತ್ತಳು.

ಹೀಗೆ ಹಿಡಿದೊಯ್ದವರಲ್ಲಿ ಕುಮಾಸಿಗೆ ಹತ್ತಿರದ ಎಜಿಸು ಪಟ್ಟಣದ ಒಹೆನೆಯೂ ಒಬ್ಬ. ಅವನ ಅಜ್ಜಿ, ಎಜಿಸುವಿನ ಒಹೆಮಾ, ಯಾ ಅಸಾಂತೆವಾ. ಮೊಮ್ಮಗನ ಮಣೆ ಖಾಲಿ ಬಿದ್ದಾಗ ಆಡಳಿತ ಅವಳ ಕೈಗೆ ಬಂತು. ಅಂದರೆ 1900ಕ್ಕೆ ಅವಳು ಕೂರಿಸುವವಳಷ್ಟೇ ಆಗಿರಲಿಲ್ಲ, ಕೂತವಳೂ ಆಗಿದ್ದಳು. ಈ ಸಂಗತಿಯನ್ನು ಹೆಚ್ಚಿನ ಬರಹಗಳು ಹಾರಿಸಿಬಿಡುತ್ತವೆ.

ಆ ವರ್ಷದ ಮಾರ್ಚ್ 28ರಂದು ಹೊಸ ಗವರ್ನರ್ ಫ್ರೆಡರಿಕ್ ಹಾಡ್ಜ್‌ಸನ್ ಕುಮಾಸಿಯಲ್ಲಿ ಮುಖಂಡರ ಸಭೆ ಕರೆದ. ಪ್ರೆಂಪೆ ಮರಳಿ ಬರುವುದಿಲ್ಲ ಎಂದ. ದಂಡದ ಹಣಕ್ಕೆ ಬಡ್ಡಿ ಕೇಳಿದ. ಇಷ್ಟನ್ನೂ ಜನ ಸಹಿಸಿಕೊಳ್ಳುತ್ತಿದ್ದರೇನೋ. ಆಮೇಲೆ ಕೇಳಿದ: ಚಿನ್ನದ ಮಣೆ ಎಲ್ಲಿ? ಸಾಮ್ರಾಜ್ಞಿಯ ಪ್ರತಿನಿಧಿಯಾದ ನನ್ನನ್ನು ಅದರ ಮೇಲೆ ಏಕೆ ಕೂರಿಸಿಲ್ಲ?

ಚಿನ್ನದ ಮಣೆಯ ಮೇಲೆ ಯಾರೂ ಕೂರುವುದಿಲ್ಲ. ಅಸಾಂತೆಹೆನೆಯೂ ಕೂರುವುದಿಲ್ಲ. 17ನೆಯ ಶತಮಾನದ ಕೊನೆಯ ಹೊತ್ತಿಗೆ ಮೊದಲ ಅರಸ ಓಸೆ ಟುಟುವಿನ ಕಾಲದಲ್ಲಿ, ಓಕೊಂಫೊ ಅನೋಚಿ ಎಂಬ ಪುರೋಹಿತ ಅದನ್ನು ಆಕಾಶದಿಂದ ಇಳಿಸಿದನೆಂದು ಐತಿಹ್ಯ. ಇಡೀ ಅಸಾಂತೆ ಜನರ ಪ್ರಾಣ ಅದರಲ್ಲಿದೆ ಎಂಬ ನಂಬಿಕೆ. ಅದು ಕೂರುವ ಮಣೆಯಲ್ಲ, ಅದಕ್ಕೇ ಕೂರಲು ಪ್ರತ್ಯೇಕ ಆಸನವಿದೆ. ನಮ್ಮ ಗರ್ಭಗುಡಿಗೆ ನುಗ್ಗಿ, ವಿಗ್ರಹದ ಹೆಗಲೇರಲು ನನಗೇಕೆ ಏಣಿ ಹಾಕಿಲ್ಲ ಎಂದು ಕೇಳಿದಂತೆ ಇತ್ತು ಆ ಮಾತು. ಸಭೆ ಸದ್ದಿಲ್ಲದೆ ಎದ್ದು ಹೋಯಿತು. ಹಾಡ್ಜ್‌ಸನ್ ಆ ಮೌನವನ್ನು ಒಪ್ಪಿಗೆ ಎಂದುಕೊಂಡು ಮಣೆ ಹುಡುಕಲು ಒಂದು ತುಕಡಿಯನ್ನೇ ಅಟ್ಟಿದ.

ಆ ರಾತ್ರಿ ಮುಖಂಡರು ಗುಟ್ಟಾಗಿ ಕೂಡಿದಾಗ ಕೆಲವರು ಹಿಂಜರಿದರೆಂದೂ, ಆಗ ಯಾ ಅಸಾಂತೆವಾ ಎದ್ದು ‘ನೀವು ಗಂಡಸರು ಹೋಗದಿದ್ದರೆ ನಾವು ಹೆಂಗಸರು ಹೋಗುತ್ತೇವೆ’ ಎಂದಳೆಂದೂ ಬಾಯಿಂದ ಬಾಯಿಗೆ ಬಂದ ನೆನಪು ಹೇಳುತ್ತದೆ. ಕಿತ್ತೂರು ಚೆನ್ನಮ್ಮನ ಮಾತುಗಳು ಲಾವಣಿಗಳಲ್ಲಿ ಉಳಿದು ಬೆಳೆದಂತೆ ಈ ಮಾತೂ ಬೆಳೆದಿದೆ. ಘಾನಾದ ಮಕ್ಕಳಿಗೆ ಅದು ಬಾಯಿಪಾಠ. ಅವಳನ್ನು ಸಮರದ ನಾಯಕಿಯಾಗಿ ಮುಖಂಡರು ಒಪ್ಪಿದ್ದು ಮಾತ್ರ ನಿಜ. ಸಾವಿರಾರು ಜನ ಕುಮಾಸಿ ಕೋಟೆಯನ್ನು ಸುತ್ತುವರಿದರು. ದಾರಿಗಳಿಗೆ ಅಡ್ಡಲಾಗಿ ಮರದ ದಿಮ್ಮಿಗಳ ತಡೆಗೋಡೆ ಕಟ್ಟಿದರು. ಒಳಗೆ ಗವರ್ನರ್, ಅವನ ಹೆಂಡತಿ, ಪಾದ್ರಿಗಳು, ಸಿಪಾಯಿಗಳು, ಹಸಿವು, ಸಿಡುಬು. ಜೂನ್ 23ರಂದು ಗವರ್ನರ್ ಕಾವಲು ಭೇದಿಸಿ ಕರಾವಳಿಗೆ ಪರಾರಿಯಾದ. ಜುಲೈ 15ರಂದು ಹೊಸ ಸೇನೆ ಬಂದು ಕೋಟೆ ಬಿಡಿಸಿತು. ಯಾ ಅಸಾಂತೆವಾಳನ್ನು ಹಿಡಿದು ಸೇಶೆಲ್ಸ್‌ಗೆ ಕಳಿಸಿದರು. ಅವಳು 1921ರ ಅಕ್ಟೋಬರ್ 17ರಂದು ಅಲ್ಲಿ ತೀರಿಕೊಂಡಳು. ಚಿನ್ನದ ಮಣೆ ಬ್ರಿಟಿಷರಿಗೆ ಎಂದೂ ಸಿಗಲಿಲ್ಲ.

ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇಲ್ಲಿಂದ ಮುಂದಿನ ಇಪ್ಪತ್ತು ಮೂವತ್ತು ವರ್ಷಗಳಲ್ಲಿದೆ. ಅಲ್ಲಿ ಯುದ್ಧವಿಲ್ಲ, ಲಾವಣಿಗೆ ವಸ್ತುವಿಲ್ಲ, ಆದ್ದರಿಂದ ಯಾರೂ ಓದುವುದಿಲ್ಲ. ಬ್ರಿಟಿಷರು ಮುಖಂಡರ ಮೂಲಕವೇ ಆಳುವ ಪದ್ಧತಿ ತಂದರು. ಯಾರು ಮುಖಂಡ ಎಂದು ಪಟ್ಟಿ ಬರೆದರು, ನ್ಯಾಯಸ್ಥಾನ ಕೊಟ್ಟರು, ಸಂಬಳ ಗೊತ್ತುಮಾಡಿದರು. ಪಟ್ಟಿಯಲ್ಲಿ ಒಹೆನೆಗಳಿದ್ದರು, ಒಹೆಮಾಗಳಿರಲಿಲ್ಲ. ಯಾರೂ ಅವರನ್ನು ಇಳಿಸಲಿಲ್ಲ. ಲೆಕ್ಕದ ಪುಸ್ತಕದಲ್ಲಿ ಅವರಿಗೊಂದು ಸಾಲು ಬಿಡಲಿಲ್ಲ, ಅಷ್ಟೇ. ನ್ಯಾಯ ಕೇಳುವವರು ಸರ್ಕಾರದ ಮೊಹರು ಇರುವ ಕಡೆಗೆ ಹೋದರು. ಒಹೆಮಾಳ ಅಂಗಳ ಬರಿದಾಗತೊಡಗಿತು.

1920ರ ದಶಕದ ಮೊದಲಲ್ಲಿ ರ‍್ಯಾಟ್ರೆ ಎಂಬ ಸರ್ಕಾರಿ ಮಾನವಶಾಸ್ತ್ರಜ್ಞ ಅಸಾಂತೆಯ ಮುದುಕ ಮುದುಕಿಯರನ್ನು ಕೂರಿಸಿಕೊಂಡು ಬರೆದುಕೊಳ್ಳುತ್ತಿದ್ದ. ಟ್ವಿ ಚೆನ್ನಾಗಿ ಬಲ್ಲವನು, ವರ್ಷಗಟ್ಟಲೆ ಅಲ್ಲಿ ಇದ್ದವನು. ರಾಜ್ಯದಲ್ಲಿ ಹೆಂಗಸರಿಗೆ ಇಷ್ಟು ದೊಡ್ಡ ಸ್ಥಾನವಿದೆ ಎಂದು ತನಗೆ ಗೊತ್ತಾದದ್ದು ಆಗ. ಇಷ್ಟು ದಿನ ಏಕೆ ಹೇಳಲಿಲ್ಲ ಎಂದು ಕೇಳಿದ. ಅವರು ಕೊಟ್ಟ ಉತ್ತರದ ಸಾರ ಇದು: ಬಿಳಿಯರು ಈ ಪ್ರಶ್ನೆಯನ್ನು ನಮ್ಮಲ್ಲಿ ಕೇಳಿದ್ದೇ ಇಲ್ಲ, ನೀವು ವ್ಯವಹರಿಸುವುದು ಗಂಡಸರೊಡನೆ ಮಾತ್ರ, ನಿಮ್ಮ ಲೆಕ್ಕದಲ್ಲಿ ಹೆಂಗಸರಿಗೆ ಬೆಲೆಯಿಲ್ಲ ಎಂದುಕೊಂಡು ನಾವೂ ಸುಮ್ಮನಿದ್ದೆವು. ವಸಾಹತು ಆಡಳಿತದ ಬಗ್ಗೆ ಎಷ್ಟೋ ಕಡತ ಓದಿದ್ದೇನೆ. ಇಷ್ಟು ಮೆಲ್ಲಗೆ, ಇಷ್ಟು ಆಳಕ್ಕೆ ಇಳಿಯುವ ಮಾತು ಬೇರೆ ಸಿಕ್ಕಿಲ್ಲ.

ಅದೇ ಸುಮಾರಿಗೆ, 1922ರಲ್ಲಿ, ಇಂಗ್ಲೆಂಡಿನ ರಾಜಕುಮಾರಿ ಮೇರಿಯ ಮದುವೆಗೆ ಅಸಾಂತೆಯ ಒಹೆಮಾಗಳೆಲ್ಲ ಸೇರಿ ಬೆಳ್ಳಿಯ ಮಣೆಯೊಂದನ್ನು ಮಾಡಿಸಿ ಕಳಿಸಿದರು. ಮಾಂಪೊಂಗ್‌ನ ಒಹೆಮಾ ಅಮಾ ಸೆವಾ ಅಕೋಟೊ ಅದನ್ನು ಗವರ್ನರನ ಹೆಂಡತಿಯ ಕೈಗೆ ಒಪ್ಪಿಸುವಾಗ, ನಾವು ನಮ್ಮ ಪ್ರಾಣಗಳನ್ನು ನಮ್ಮ ಮಣೆಗಳಿಗೆ ಕಟ್ಟುವಂತೆ ನಮ್ಮ ಪ್ರೀತಿಯನ್ನು ಈ ಮಣೆಗೆ ಬೆಳ್ಳಿಯ ಸರಪಳಿಯಿಂದ ಕಟ್ಟಿದ್ದೇವೆ ಎಂಬರ್ಥದ ಮಾತಾಡಿದಳು. ಗುಲಾಮಗಿರಿಯ ಕಾಣಿಕೆ ಎಂದು ಮೊದಲ ಓದಿಗೆ ಅನಿಸುತ್ತದೆ. ಆದರೆ ಹಿಂದಿನ ಎರಡು ವರ್ಷ ನೆನೆಸಿಕೊಳ್ಳಿ. ರಸ್ತೆ ಕೆಲಸದವರ ಗುದ್ದಲಿಗೆ ಬಚ್ಚಿಟ್ಟ ಚಿನ್ನದ ಮಣೆ ತಾಗಿತ್ತು, ಕೆಲವರು ಅದರ ಒಡವೆ ಕದ್ದಿದ್ದರು, ಸರ್ಕಾರ ಈಗ ಅದನ್ನು ಕಸಿಯುತ್ತದೆಯೋ ಎಂದು ಇಡೀ ನಾಡು ಉಸಿರು ಬಿಗಿಹಿಡಿದಿತ್ತು. ಸರ್ಕಾರ ಕಸಿಯುವುದಿಲ್ಲ ಎಂದಿತು. ಆಗ ಹೆಂಗಸರಿಂದ ಹೆಂಗಸಿಗೆ ಹೋದ ಕಾಣಿಕೆ ಅದು. ಯಾವ ಪಟ್ಟಿಯಲ್ಲೂ ಹೆಸರಿಲ್ಲದವರು ರಾಜತಂತ್ರವನ್ನು ಕೈಬಿಟ್ಟಿರಲಿಲ್ಲ.

ಪ್ರೆಂಪೆ 1924ರಲ್ಲಿ ಮರಳಿದ. 1935ರಲ್ಲಿ ಅಸಾಂತೆ ಒಕ್ಕೂಟಕ್ಕೆ ಸರ್ಕಾರದ ಮಾನ್ಯತೆ ಮತ್ತೆ ಸಿಕ್ಕಿತು. ಆದರೆ ಒಹೆಮಾಗಳ ಸಾಲು ಮತ್ತೆ ಬರೆದುಕೊಳ್ಳಲಿಲ್ಲ. ಈಗ ಪಟ್ಟಿ ಹಿಡಿದವರು ಅಸಾಂತೆ ಗಂಡಸರೇ ಆಗಿದ್ದರೂ.

ಇನ್ನು ರಾಜಕಾರಣಿಗಳು. ಆಗ ದೇಶದ ಹೆಸರು ಗೋಲ್ಡ್ ಕೋಸ್ಟ್. ಮೇಬೆಲ್ ಡವ್ 1905ರಲ್ಲಿ ರಾಜಧಾನಿ ಅಕ್ರಾದಲ್ಲಿ ಹುಟ್ಟಿದವರು, ವಕೀಲರ ಮಗಳು, ಫ್ರೀಟೌನ್ ಮತ್ತು ಇಂಗ್ಲೆಂಡಿನಲ್ಲಿ ಓದಿದವರು, ಹಡಗು ಕಂಪನಿಯೊಂದರಲ್ಲಿ ಶೀಘ್ರಲಿಪಿಕಾರ್ತಿಯಾಗಿದ್ದವರು. 1930ರ ದಶಕದಲ್ಲಿ ‘ಮಾರ್ಜರಿ ಮೆನ್ಸಾ’ ಎಂಬ ಗುಪ್ತನಾಮದಲ್ಲಿ ಪತ್ರಿಕೆಗೆ ಮಹಿಳಾ ಅಂಕಣ ಬರೆದರು. ಅಂಕಣದ ಗುಟ್ಟು ಅಕ್ರಾದಲ್ಲಿ ಮನೆಮಾತಾಯಿತು. ಆ ಪತ್ರಿಕೆಯ ಒಡೆಯ, ವಕೀಲ ಜೆ.ಬಿ. ಡಾಂಕ್ವಾ ಅವರನ್ನೇ ಮದುವೆಯಾದರು; ಮುಂದೆ ಬೇರೆಯಾದರು. ಡಾಂಕ್ವಾ ಹಳೆಯ ತಲೆಮಾರಿನ ರಾಷ್ಟ್ರೀಯವಾದಿಗಳ ನಾಯಕ. ಮೇಬೆಲ್ ಎದುರು ಬಣಕ್ಕೆ, ಮುಂದೆ ಸ್ವತಂತ್ರ ಘಾನಾದ ಮೊದಲ ಪ್ರಧಾನಿಯಾದ ಕ್ವಾಮೆ ಎನ್‌ಕ್ರುಮಾ ಅವರ ಸಿಪಿಪಿ (ಕನ್ವೆನ್ಷನ್ ಪೀಪಲ್ಸ್ ಪಾರ್ಟಿ) ಪಕ್ಷಕ್ಕೆ ಹೋದರು. 1951ರಲ್ಲಿ ಪಕ್ಷದ ದಿನಪತ್ರಿಕೆಯ ಸಂಪಾದಕಿಯಾದರು, ಎನ್‌ಕ್ರುಮಾ ಜೊತೆ ಹೊಂದಿಕೆಯಾಗದೆ ಕೆಲವೇ ತಿಂಗಳಲ್ಲಿ ಬಿಡಬೇಕಾಯಿತು. ಆದರೂ 1954ರ ಜೂನ್ ಚುನಾವಣೆಯಲ್ಲಿ ಅದೇ ಪಕ್ಷದಿಂದ ಗಾ ಗ್ರಾಮಾಂತರ ಕ್ಷೇತ್ರದಲ್ಲಿ ಗೆದ್ದು, 104 ಸದಸ್ಯರ ಶಾಸನಸಭೆಯಲ್ಲಿ ಏಕೈಕ ಹೆಂಗಸಾಗಿ ಕೂತರು. ಅದೇ ಚುನಾವಣೆಯಲ್ಲಿ ಮಾಜಿ ಪತಿ ಡಾಂಕ್ವಾ ತಮ್ಮ ಸೋದರ ಸಂಬಂಧದ ಹುಡುಗನ ಎದುರು ಸೋತರು. ಆ ಸಂಜೆ ಮೇಬೆಲ್ ಮನಸ್ಸಿನಲ್ಲಿ ಏನಿತ್ತೋ, ಅಂಕಣದಲ್ಲಿ ಬರೆದಿದ್ದರೆ ಚೆನ್ನಾಗಿರುತ್ತಿತ್ತು.

ಹನ್ನಾ ಕುಜೊ ಅವರದು ಬೇರೆ ದಾರಿ. ತಾರ್ಕ್ವಾ ಎಂಬ ಗಣಿ ಊರಿನಲ್ಲಿ ಅಣ್ಣನ ಮನೆಯಲ್ಲಿದ್ದು ಬಟ್ಟೆ ಹೊಲಿಯುತ್ತಿದ್ದ, ಗಂಡನಿಂದ ಬೇರೆಯಾಗಿದ್ದ ಹೆಂಗಸು. 1947ರಲ್ಲಿ ಎನ್‌ಕ್ರುಮಾ ಆ ಮನೆಗೆ ಅತಿಥಿಯಾಗಿ ಬಂದರು. ಹೆಂಗಸರು ಚಳವಳಿಯಲ್ಲಿ ಏಕಿಲ್ಲ ಎಂದು ಅವರು ಕೇಳಿದಾಗ, ರಾಜಕೀಯ ಗಂಡಸರ ಕೆಲಸ ಎಂದುಕೊಂಡಿದ್ದೆ ಎಂದು ಹನ್ನಾ ಹೇಳಿದರಂತೆ. ಅಬುಸುವಾ ತಾಯಿಯಿಂದ ಬರುವ ನಾಡಿನಲ್ಲಿ ಆ ಮಾತು! ಒಹೆಮಾಗಳ ಹೆಸರು ಪಟ್ಟಿಯಿಂದ ಬಿಟ್ಟುಹೋಗಿ ಒಂದು ತಲೆಮಾರು ಕಳೆದಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಮರುದಿನದಿಂದ ಹನ್ನಾ ಹೊಲಿಗೆಗೆ ಬರುವವರಿಗೆಲ್ಲ ಸ್ವರಾಜ್ಯದ ಮಾತು ಹೇಳತೊಡಗಿದರು. 1948ರಲ್ಲಿ ಎನ್‌ಕ್ರುಮಾ, ಡಾಂಕ್ವಾ ಸಹಿತ ಆರು ನಾಯಕರನ್ನು ಬಂಧಿಸಿದಾಗ ಸಹಿ ಮತ್ತು ಹಣ ಸಂಗ್ರಹಿಸಿದರು. 1951ರಲ್ಲಿ ಪಕ್ಷ ನೇಮಿಸಿದ ಮಹಿಳಾ ಪ್ರಚಾರ ಕಾರ್ಯದರ್ಶಿಗಳಲ್ಲಿ ಒಬ್ಬರಾದರು. ಲೆಟೀಷಿಯಾ ಕ್ವೇ, ಸೋಫಿಯಾ ಡೋಕು, ಅಮಾ ಎನ್‌ಕ್ರುಮಾ ಉಳಿದವರು. ನಾಯಕನ ಹೆಸರನ್ನೇ ಇಟ್ಟುಕೊಂಡಿದ್ದ ಅಮಾ ಒಮ್ಮೆ ಕುಮಾಸಿಯ ಸಭೆಯಲ್ಲಿ ಭಾಷಣ ಮುಗಿಸಿ ಬ್ಲೇಡಿನಿಂದ ತನ್ನ ಮುಖ ಕೊಯ್ದುಕೊಂಡು, ರಕ್ತವನ್ನು ಮೈಗೆ ಬಳಿದುಕೊಂಡು, ಗಂಡಸರೇ, ಸ್ವಾತಂತ್ರ್ಯಕ್ಕಾಗಿ ನೀವೂ ಇಷ್ಟು ಮಾಡುತ್ತೀರಾ ಎಂದು ಕೇಳಿದರು. ಇದನ್ನು ಎನ್‌ಕ್ರುಮಾ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಯಾ ಅಸಾಂತೆವಾಳ ಕಂಠ ಕೇಳಿಸುವುದಿದ್ದರೆ ಅರಮನೆಯಲ್ಲಿ ಅಲ್ಲ, ಅಲ್ಲಿ.

ಅರಮನೆಗೂ ಈ ಪಕ್ಷಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಜನರ ಜೊತೆ ಬಾರದ ಮುಖಂಡರು ಒಂದು ದಿನ ಚಪ್ಪಲಿ ಬಿಟ್ಟು ಓಡುತ್ತಾರೆ ಎಂದು ಎನ್‌ಕ್ರುಮಾ ಎಚ್ಚರಿಸಿದ್ದರು. ಆ ಚಪ್ಪಲಿ ಏನೆಂದು ಈಗ ನಿಮಗೆ ಗೊತ್ತು. ಪಕ್ಷಕ್ಕೆ ದುಡ್ಡು, ಗದ್ದಲ, ಕಾಲಾಳು ಸಿಕ್ಕಿದ್ದು ಸಂತೆಯ ಹೆಂಗಸರಿಂದ. ಅಲ್ಲಿ ಒಂದು ಸೊಗಸು ನೋಡಿ: ಕುಮಾಸಿಯ ದೊಡ್ಡ ಸಂತೆಯಲ್ಲಿ ಯಾಮ್ ಗೆಡ್ಡೆ ಮಾರುವ ಹೆಂಗಸರು ತಮ್ಮ ಮುಖ್ಯಸ್ಥೆಯನ್ನು ಆರಿಸಿಕೊಳ್ಳುತ್ತಾರೆ, ಅವಳು ‘ಬಯೆರೆ ಹೆಮಾ’, ಗೆಡ್ಡೆಯ ಒಹೆಮಾ. ಟೊಮೆಟೊಗೆ ಒಬ್ಬಳು, ಬಟ್ಟೆಗೆ ಇನ್ನೊಬ್ಬಳು. ಸಾಲದ ಜಗಳ, ದರದ ಜಗಳ, ಲಾರಿಯಲ್ಲಿ ಕೊಳೆತು ಬಂದ ಮಾಲಿನ ಜಗಳ ಅವಳ ಮುಂದೆ ತೀರ್ಮಾನವಾಗುತ್ತದೆ. ಸರ್ಕಾರದ ಪಟ್ಟಿಯಲ್ಲಿ ಅಳಿದ ನ್ಯಾಯಸಭೆ ಗೋಣಿಚೀಲಗಳ ನಡುವೆ ಬದುಕಿಕೊಂಡಿತ್ತು.

1960ರಲ್ಲಿ ಎನ್‌ಕ್ರುಮಾ ಸರ್ಕಾರ ವಿಶೇಷ ಕಾಯಿದೆ ತಂದು ಸಂಸತ್ತಿಗೆ ಹೆಂಗಸರಿಗಾಗಿ ಹತ್ತು ಹೊಸ ಸ್ಥಾನ ಸೇರಿಸಿತು. 104 ಇದ್ದದ್ದು 114 ಆಯಿತು. ಸುಸಾನಾ ಅಲ್ ಹಸನ್, ಅಯನೋರಿ ಬುಕಾರಿ, ವಿಕ್ಟೋರಿಯಾ ನ್ಯಾರ್ಕೊ, ಸೋಫಿಯಾ ಡೋಕು, ಮೇರಿ ಕೊರಾಂಟೆಂಗ್, ರೆಜಿನಾ ಅಸಾಮನಿ, ಗ್ರೇಸ್ ಅಯೆನ್ಸು, ಕ್ರಿಸ್ಟಿಯಾನಾ ವಿಲ್ಮಟ್, ಕಂಫರ್ಟ್ ಅಸಾಮೊವಾ, ಲೂಸಿ ಅನಿನ್. ಆಫ್ರಿಕಾದಲ್ಲಿ ಆ ಕಾಲಕ್ಕೆ ಇದು ಬಹು ದೊಡ್ಡ ಹೆಜ್ಜೆ. ಉತ್ತರದ ಒಣನಾಡಿನವರಾದ, ಬೊಲ್ಗಟಂಗಾದಲ್ಲಿ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದ ಸುಸಾನಾ ಮರುವರ್ಷ ಉಪಸಚಿವೆ, 1963ರಲ್ಲಿ ಸಚಿವೆಯಾದರು. ಕುಮಾಸಿಯಲ್ಲಿ ಯಾ ಅಸಾಂತೆವಾ ಹೆಸರಿನ ಹೆಣ್ಣುಮಕ್ಕಳ ಪ್ರೌಢಶಾಲೆಯೂ ಬಂತು, 1960ರಲ್ಲೇ.

ಆದರೆ ಆ ಹತ್ತು ಮಂದಿಯನ್ನು ಆರಿಸಿದ್ದು ಯಾರು? ಮತದಾರರಲ್ಲ. ಸಂಸತ್ತಿನ ಸದಸ್ಯರು, ಅಂದರೆ ಗಂಡಸರು, ಅಂದರೆ ಪಕ್ಷ. ಹತ್ತೂ ಅವಿರೋಧ ಆಯ್ಕೆ. ಹಳೆಯ ಅಸಾಂತೆಯಲ್ಲಿ ಹೆಣ್ಣು ಹೆಸರು ಹೇಳಿ ಗಂಡನ್ನು ಮಣೆಯ ಮೇಲೆ ಕೂರಿಸುತ್ತಿದ್ದಳು. ಹೊಸ ಘಾನಾದಲ್ಲಿ ಗಂಡು ಹೆಸರು ಹೇಳಿ ಹೆಣ್ಣನ್ನು ಕೂರಿಸಿದ. ಕೂರುವ ಜಾಗ ಸಿಕ್ಕಿತು, ಕೂರಿಸುವ ಅಧಿಕಾರ ಕೈತಪ್ಪಿತು. ಸ್ವತಂತ್ರವಾಗಿದ್ದ ಮಹಿಳಾ ಸಂಘಟನೆಗಳನ್ನೂ ಅದೇ ವರ್ಷ ಪಕ್ಷದ ಅಂಗವಾದ ಒಂದೇ ಮಂಡಳಿಯೊಳಗೆ ಸೇರಿಸಲಾಯಿತು. ಆ ಹೆಂಗಸರು ಕೈಗೊಂಬೆಗಳೆಂದು ನಾನು ಹೇಳುತ್ತಿಲ್ಲ. ಸುಸಾನಾ ಅಲ್ ಹಸನ್ ಅಂಥವರನ್ನು ಹಾಗೆನ್ನಲು ಬಾಯಿ ಬಾರದು. ಆದರೆ ಒಬ್ಬನ ಕೈಯಿಂದ ಬಂದ ಮಣೆ ಅವನು ಬಿದ್ದಾಗ ಉಳಿಯುವುದಿಲ್ಲ. 1966ರ ಫೆಬ್ರುವರಿ 24ರಂದು ಸೇನೆ ಎನ್‌ಕ್ರುಮಾರನ್ನು ಉರುಳಿಸಿತು. ಸಂಸತ್ತು, ಪಕ್ಷ, ಮಹಿಳಾ ಮಂಡಳಿ ಒಟ್ಟಿಗೆ ಮುಚ್ಚಿದವು. ಹನ್ನಾ ಕುಜೊ ಹೆಸರನ್ನು ದೇಶ ಮರೆತೇಬಿಟ್ಟಿತು. 1979ರ ಆಗಸ್ಟ್‌ನಲ್ಲಿ ಬೆಲೆ ಏರಿಕೆಗೆ ವ್ಯಾಪಾರಿ ಹೆಂಗಸರೇ ಕಾರಣ ಎಂದು ಸೈನಿಕರು ಅಕ್ರಾದ ಮಕೋಲಾ ಸಂತೆಯನ್ನು ಸಿಡಿಮದ್ದಿಟ್ಟು ಉಡಾಯಿಸಿದರು.

1992ರಿಂದ ಚುನಾವಣೆ ನಿಂತಿಲ್ಲ. ಆದರೆ ಸಂಸದರಾಗಬೇಕಾದರೆ ಮೊದಲು ಪಕ್ಷದೊಳಗಿನ ಅಭ್ಯರ್ಥಿ ಆಯ್ಕೆ ಗೆಲ್ಲಬೇಕು. ಅಲ್ಲಿ ಹಣ ಬೇಕು, ಪ್ರತಿನಿಧಿಗಳ ಬೆನ್ನು ಹತ್ತಬೇಕು, ಆ ಪ್ರತಿನಿಧಿಗಳು ಬಹುಪಾಲು ಗಂಡಸರು. 40 ಎಂಬ ಸಂಖ್ಯೆ ಹುಟ್ಟುವುದು ಮತಗಟ್ಟೆಯಲ್ಲಿ ಅಲ್ಲ, ಅದಕ್ಕೂ ಮೊದಲು. 2024ರ ಜುಲೈನಲ್ಲಿ ಸಂಸತ್ತು ಅಂಗೀಕರಿಸಿದ ಲಿಂಗಸಮಾನತೆಯ ಕಾಯಿದೆ ಇದನ್ನು ಎಷ್ಟು ಅಲುಗಿಸುತ್ತದೆ ಎಂದು ಕಾದು ನೋಡಬೇಕು. 2025ರ ಜನವರಿಯಲ್ಲಿ ದೇಶದ ಮೊದಲ ಉಪಾಧ್ಯಕ್ಷೆಯಾದ ಜೇನ್ ನಾನಾ ಒಪೋಕು ಅಗ್ಯೆಮಾಂಗ್ ಕೇಪ್ ಕೋಸ್ಟ್ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು, ಶಿಕ್ಷಣ ಸಚಿವೆಯಾಗಿದ್ದವರು. ಶಾಲೆಯ ದಾರಿ, ಸುಸಾನಾ ಅವರ ದಾರಿ.

ಹಾಗಾದರೆ ಒಹೆಮಾಗಳೇ ಚುನಾವಣೆಗೆ ನಿಲ್ಲಬಾರದೇ ಎಂದು ನೀವು ಕೇಳಬಹುದು. 1992ರ ಸಂವಿಧಾನ ‘ಮುಖಂಡ’ ಯಾರೆಂದು ವಿವರಿಸುವಾಗ ರಾಜಮಾತೆಯನ್ನೂ ಹೆಸರಿಸಿ ಸೇರಿಸುತ್ತದೆ. ಬ್ರಿಟಿಷರು ಬಿಟ್ಟ ಸಾಲನ್ನು ಕೊನೆಗೂ ತುಂಬಿದೆ. ಆದರೂ ಮುಖಂಡರ ಸಭೆಗಳಲ್ಲಿ ಅವರಿಗೆ ಜಾಗ ಕೊಡಲು ಗಂಡಸರು ವರ್ಷಗಟ್ಟಲೆ ಹಿಂದೇಟು ಹಾಕಿದರು. ಅದೇ ಸಂವಿಧಾನದ 276ನೆಯ ವಿಧಿ, ಮುಖಂಡರು ಪಕ್ಷ ರಾಜಕಾರಣ ಮಾಡುವಂತಿಲ್ಲ, ಸಂಸತ್ತಿಗೆ ನಿಲ್ಲುವುದಿದ್ದರೆ ಮಣೆ ಬಿಟ್ಟುಕೊಡಬೇಕು ಎನ್ನುತ್ತದೆ. ಒಂದು ಪಟ್ಟಿಯಲ್ಲಿ ಹೆಸರು ಬಂದದ್ದರಿಂದಲೇ ಇನ್ನೊಂದು ಪಟ್ಟಿಗೆ ಬರುವ ಬಾಗಿಲು ಅವಳಿಗೆ ಮುಚ್ಚಿತು. ಮನಿಯಾ ಕ್ರೋಬೊ ಸೀಮೆಯ ರಾಜಮಾತೆಯರು ಏಡ್ಸ್‌ನಿಂದ ಅನಾಥರಾದ ಮಕ್ಕಳನ್ನು ತಮ್ಮ ತಮ್ಮ ಮನೆಗಳಿಗೆ ಕರೆತಂದು ಸಾಕಿದ್ದಾರೆ, ಜಮೀನಿನ ವ್ಯಾಜ್ಯ ಬಿಡಿಸುತ್ತಾರೆ, ಶಾಲೆ ಬಿಟ್ಟ ಹುಡುಗಿಯರನ್ನು ಮರಳಿ ಕಳಿಸುತ್ತಾರೆ. ಆ ಅಂಗಳದಿಂದ ಎದ್ದು, ಮಣೆಯನ್ನು ತಂಗಿಗೋ ಸೋದರ ಸೊಸೆಗೋ ಒಪ್ಪಿಸಿ, ಪಕ್ಷದ ಪ್ರತಿನಿಧಿಗಳ ಮನೆ ಬಾಗಿಲಿಗೆ ಹೋಗಿ ನನ್ನ ಹೆಸರು ಹೇಳಿ ಎಂದು ಬೇಡಲು ಹೆಚ್ಚಿನವರಿಗೆ ಮನಸ್ಸಿಲ್ಲ. ಹೆಸರು ಹೇಳುವುದು ಇಲ್ಲಿಯವರೆಗೆ ಅವರ ಕೆಲಸವಾಗಿತ್ತು.